ದೀಪದಲ್ಲಿ ಬಿಳಿಗಟ್ಟಿದ ಎಣ್ಣೆ

ನಮ್ಮ ಓಣಿಯ ಈಶ್ವರ ಗುಡಿಯ ನಂದಾದೀಪ ಒಂದು ಮುಂಜಾನೆ ಆರಿತ್ತು. ಅದನ್ನು ಆರಿಸಿದ ಎಣ್ಣೆ ನಾನು ಕೊಟ್ಟದ್ದು. ದೇವರಿಗೆಂದು ಖೈರೂಬಿ ಕೊಟ್ಟಿದ್ದ ಗಾಣದ ಶೇಂಗಾ ಎಣ್ಣೆಯನ್ನು ನಾನು ಮನೆಯ ಬಾಣಲೆಗೆ ಸುರಿದುಕೊಂಡೆ. ಖಾಲಿಯಾದ ಕ್ಯಾನಿಗೆ ರೇಷನ್ ಅಂಗಡಿಯ ಪಾಮ್ ಎಣ್ಣೆ ತುಂಬಿ ಗುಡಿಗೆ ಒಯ್ದೆ. ಯಾರದು ಎಣ್ಣೆ ಎಂದು ಕೇಳಿದಾಗ ಅವರ ಹೆಸರು ಹೇಳಿದೆ. ಹದಿನಾಲ್ಕು ವರ್ಷ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇಷ್ಟೇ ನಾನು ಮಾಡಿದ್ದು ಎಂದು ಬರೆಯಹೊರಟೆ. ಕೈ ನಿಂತಿತು. ಇಷ್ಟೇ ಅಲ್ಲ.

ನಾನು ಬೆಳಗಾವಿಯ ಖಾಸಬಾಗದ ಗೃಹಿಣಿ. ಮಾದೇವಿ ಎಂದು ಕರೆಯುತ್ತಾರೆ. ನನ್ನವರು ಮೊದಲು ಪಾವರ್‌ಲೂಮಿನಲ್ಲಿ ನೇಯುತ್ತಿದ್ದರು, ಈಗ ಮನೆಯಲ್ಲಿದ್ದಾರೆ. ನನಗೊಂದು ರೂಢಿ ಇದೆ, ತಾಯಿ ಕಲಿಸಿದ್ದು. ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ದಿನ ಶಿವ ಮಾಡಿದ ಉಪಕಾರಗಳನ್ನು ಬೆರಳಿನ ಗೆಣ್ಣಿನ ಮೇಲೆ ಎಣಿಸುವುದು. ನಲ್ಲಿಗೆ ನೀರು ಬಂತು, ಒಂದು. ಮೊಣಕಾಲು ಇವತ್ತು ಅಷ್ಟು ನೋಯಲಿಲ್ಲ, ಎರಡು. ಹಾಲು ಒಡೆಯಲಿಲ್ಲ, ಮೂರು. ಐದಕ್ಕಿಂತ ಕಡಿಮೆ ಎಂದೂ ಆದದ್ದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ಮುಂದೆ ಬರುತ್ತದೆ, ಹೇಳುತ್ತೇನೆ.

ಖೈರೂಬಿಯ ಗಾಣ ಶಹಾಪುರದ ಒಂದು ಸಂದಿಯಲ್ಲಿತ್ತು. ಕಟ್ಟಿಗೆಯ ಗಾಣ. ಅವರ ಮಾವನ ಕಾಲಕ್ಕೆ ಎತ್ತು ತಿರುಗಿಸುತ್ತಿತ್ತಂತೆ, ನಾನು ಕಂಡಾಗ ಮೋಟಾರು ಬಂದಿತ್ತು. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದರು, ಜೊತೆಗೆ ಮಗ ರಫೀಕ. ಖಾನಾಪುರ ತಾಲೂಕಿನ ಬೀಡಿ ಕಡೆ ನನ್ನ ತವರು. ನನ್ನಪ್ಪನ ಹೊಲದ ಶೇಂಗಾ ವರ್ಷ ವರ್ಷ ಆ ಗಾಣಕ್ಕೇ ಬರುತ್ತಿತ್ತು. ಹಾಗಾಗಿ ನಾನು ಅವರಿಗೆ ಗಿರಾಕಿ ಅಲ್ಲ, ಮನೆಯ ಮಗಳ ಹಾಗೆ. ಹೋದಾಗಲೊಮ್ಮೆ ಎಣ್ಣೆ ತೆಗೆದ ಬಿಸಿ ಹಿಂಡಿಯ ಒಂದು ಚೂರು ಮುರಿದು, ಮೇಲೆ ಬೆಲ್ಲ ಇಟ್ಟು ಕೈಗೆ ಕೊಡುತ್ತಿದ್ದರು. "ತಿನ್ನು, ನಿಮ್ಮಪ್ಪನ ಹೊಲಾನ ತಿನ್ನಾಕತ್ತಿ" ಎಂದು ನಗುತ್ತಿದ್ದರು.

ಗುಡಿಯ ದೀಪಕ್ಕೆ ಕಾರ್ತಿಕದಿಂದ ಸಂಕ್ರಮಣದವರೆಗೆ ಎಣ್ಣೆ ಕೊಡುವುದು ಆ ಗಾಣದವರ ಸೇವೆ. ಯಾವ ಕಾಲದಿಂದಲೋ ಗೊತ್ತಿಲ್ಲ. ಹೊಸ ಶೇಂಗಾ ಬಂದು ಗಾಣ ತಿರುಗಿತೆಂದರೆ ಮೊದಲ ಎಣ್ಣೆ ಈಶ್ವರನಿಗೆ, ಆಮೇಲೆ ಅವರ ದರ್ಗಾಕ್ಕೆ, ಆಮೇಲೆ ಮಾರಾಟಕ್ಕೆ. ಅವರು ಒಳಗೆ ಬರುತ್ತಿರಲಿಲ್ಲ. ಬಾ ಎಂದು ಯಾರೂ ಕರೆದದ್ದೂ ಇಲ್ಲ. ಓಣಿಯ ಹೆಣ್ಣುಮಕ್ಕಳಿಗೆ ಎಂಟೆಂಟು ದಿನದ ಪಾಳಿ. ಯಾರ ಪಾಳಿ ಇರುತ್ತದೋ ಅವರು ಗಾಣಕ್ಕೆ ಹೋಗಿ ಕ್ಯಾನು ತುಂಬಿಸಿಕೊಂಡು ಬಂದು, ದಿನಾ ಗುಡಿಗೆ ಒಯ್ದು ಪೂಜೆಯ ಅಯ್ಯನವರ ಕೈಗೆ ಕೊಡಬೇಕು. ಗೋಡೆಯ ಮೇಲೆ ಸೇವೆ ಮಾಡುವವರ ಹೆಸರು ಬರೆದಿದ್ದರು — ಅದರಲ್ಲಿ 'ಶಹಾಪುರದ ಗಾಣದವರು' ಎಂಬುದೂ ಒಂದು ಸಾಲು.

ಆ ವರ್ಷ ಮಾರ್ಗಶಿರದಲ್ಲಿ ಪಾಳಿ ನನಗೆ ಬಂತು.

ಅಷ್ಟು ಹೊತ್ತಿಗೆ ಗಾಣ ಬಡವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ತಮ್ಮ ಬಸು ಶೇಂಗಾ ಬಿಟ್ಟು ಕಬ್ಬು ಹಾಕಿದ್ದ. ಅವನೊಬ್ಬನೇ ಅಲ್ಲ, ಸುತ್ತಲಿನವರೆಲ್ಲ ಹಾಕಿದ್ದರು. ಫ್ಯಾಕ್ಟರಿಯ ಟ್ರ್ಯಾಕ್ಟರು ಹೊಲಕ್ಕೇ ಬಂದು ಕಬ್ಬು ಒಯ್ಯುವಾಗ, ಶೇಂಗಾ ಕಿತ್ತು, ಬಿಡಿಸಿ, ಒಣಗಿಸಿ, ಹಂದಿ ಬರದ ಹಾಗೆ ಕಾಯ್ದು ಯಾರು ಕೂರುತ್ತಾರೆ? ಇತ್ತ ರೇಷನ್ ಅಂಗಡಿಯಲ್ಲಿ ಪಾಮ್ ಎಣ್ಣೆಯ ಪಾಕೀಟು ಕೊಡತೊಡಗಿದ್ದರು. ಬಣ್ಣವಿಲ್ಲ, ವಾಸನೆಯಿಲ್ಲ, ಅಗ್ಗ. ಎಲ್ಲಿಂದ ಬರುತ್ತದೆ ಎಂದು ನಾವ್ಯಾರೂ ಕೇಳಲಿಲ್ಲ. ಎಣ್ಣೆ ಎಂದರೆ ಅಂಗಡಿಯಿಂದ ಬರುತ್ತದೆ ಎಂದುಕೊಂಡೆವು. ಮೊದಲು ನಾಚಿಕೊಂಡು ತಂದೆವು, ಆಮೇಲೆ ರೂಢಿಯಾಯಿತು. ಖೈರೂಬಿಯ ಗಾಣಕ್ಕೆ ಹಬ್ಬಕ್ಕೊಮ್ಮೆ ಹೋಗುವುದಾಯಿತು.

ಆದರೂ ಅವರು ದೇವರ ಕ್ಯಾನನ್ನು ಬಾಯಿಮಟ್ಟ ತುಂಬಿಸಿಯೇ ಕೊಟ್ಟರು. "ನಮ್ಮ ಮನಿಗೆ ಇಲ್ಲಂದ್ರೂ ನಡೀತೈತಿ. ಆತನ ಮನಿಗೆ ಕಡಿಮಿ ಆಗಬಾರದು" ಎಂದರು. ನಾನು ಕ್ಯಾನು ಎತ್ತಿಕೊಂಡು ಮನೆಗೆ ಬಂದೆ.

ಆ ಎಂಟು ದಿನದಲ್ಲೇ ಗೋಕಾಕ ಕಡೆಯವರು ನನ್ನ ಮಗಳು ಸವಿತಾಳನ್ನು ನೋಡಲು ಬರುವವರಿದ್ದರು. ಹಿಂದೆ ಎರಡು ಮನೆಯವರು ಬಂದು ಹೋಗಿದ್ದರು, ಆಮೇಲೆ ಮಾತಿಲ್ಲ. ಈ ಸಲ ಒಂದೂ ಕೊರತೆ ಕಾಣಬಾರದು ಎಂದು ಮನಸ್ಸಿನಲ್ಲಿತ್ತು. ಚಕ್ಕುಲಿ, ಶಂಕರಪಾಳಿ, ಕರ್ಚಿಕಾಯಿ, ಬಂದಾಗ ಬಿಸಿ ಬಿಸಿ ಮಿರ್ಚಿ ಭಜಿ. ಒಲೆಯ ಮುಂದೆ ನಿಂತೆ. ಒಂದು ಕಡೆ ಪಾಮ್ ಎಣ್ಣೆಯ ಪಾಕೀಟು. ಇನ್ನೊಂದು ಕಡೆ ದೇವರ ಕ್ಯಾನು. ಮುಚ್ಚಳ ತೆಗೆದರೆ ಹುರಿದ ಶೇಂಗಾದ ಆ ವಾಸನೆ.

ಕೈಯಲ್ಲಿ ಏನೂ ಇರಲಿಲ್ಲ ಎಂದು ಹೇಳಬಹುದು. ಹೇಳುವುದಿಲ್ಲ, ಯಾಕೆಂದರೆ ಖೈರೂಬಿಯ ಹತ್ತಿರ ಹೋಗಿ ಮಗಳ ಕಾರ್ಯ ಎಂದಿದ್ದರೆ ಕೊಟ್ಟೇ ಕೊಡುತ್ತಿದ್ದರು. ಕೇಳಲು ನನಗೆ ಮನಸ್ಸಾಗಲಿಲ್ಲ. ಕೇಳುವುದಕ್ಕಿಂತ ಕದಿಯುವುದು ಸುಲಭವಾಗಿ ಕಂಡಿತು — ದೇವರು ತಾಯಿಯಂಥವನು, ತಿಳಿದುಕೊಳ್ಳುತ್ತಾನೆ ಎಂದುಕೊಂಡೆ. ಕ್ಯಾನಿನಲ್ಲಿ ಉಳಿದಿದ್ದ ಮುಕ್ಕಾಲೂ ಬಾಣಲೆಗೆ ಹೋಯಿತು.

ಹುಡುಗನ ಸೋದರತ್ತೆ ಭಜಿ ಮುರಿದು ಮೂಗಿಗೆ ಹಿಡಿದರು. "ಎಣ್ಣಿ ಗಾಣದ್ದೇನ್ರಿ? ವಾಸನಿ ಎಷ್ಟ ಚಂದ ಐತಿ!"

"ಹೌದ್ರಿ, ಖೈರೂಬಿ ಗಾಣದ್ದರೀ" ಎಂದೆ. ಎದೆಯುಬ್ಬಿಸಿಕೊಂಡು ಹೇಳಿದೆ.

"ಹಂಗಾದ್ರ ಮನಿತನ ನೋಡೂದs ಬ್ಯಾಡ, ಎಣ್ಣಿ ನೋಡಿದ್ರ ಸಾಕಾತು" ಎಂದರು ಅವರು. ಎಲ್ಲರೂ ನಕ್ಕರು. ಸವಿತಾಳ ಮದುವೆ ಗೊತ್ತಾಯಿತು. ಆ ಸಂಜೆ ದೇವರ ಮುಂದೆ ಕೂತು ಎಣಿಸಿದೆ — ಹತ್ತು ಬೆರಳೂ ಸಾಲಲಿಲ್ಲ.

ಮರುದಿನ ಕ್ಯಾನಿಗೆ ಮೂರು ಪಾಕೀಟು ಪಾಮ್ ಎಣ್ಣೆ ಕತ್ತರಿಸಿ ಸುರಿದು ಗುಡಿಗೆ ಒಯ್ದು ಕೊಟ್ಟೆ. ದೀಪಕ್ಕೇನು ಗೊತ್ತಾಗುತ್ತದೆ, ಬತ್ತಿ ಉರಿದರಾಯಿತು. ಹೀಗೆ ಅಂದುಕೊಂಡವಳು ನಾನು, ಎರಡು ಹೊತ್ತು ಪೂಜೆ ಮಾಡುವವಳು.

ಬೆಳಗಾವಿಯ ಥಂಡಿ ನಿಮಗೆ ಗೊತ್ತಿರಬಹುದು. ಆ ವಾರ ಹೊರಗೆ ಕೈ ಇಡಲಾಗದಂಥ ಥಂಡಿ ಬಿತ್ತು. ಪಾಮ್ ಎಣ್ಣೆ ಥಂಡಿಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಅದು ನಮ್ಮ ಓಣಿಯ ಪ್ರತಿ ಹೆಂಗಸಿಗೂ ಗೊತ್ತು. ಒಗ್ಗರಣೆ ಹಾಕುವ ಮೊದಲು ಪಾಕೀಟನ್ನು ಒಲೆಯ ಬಾಜೂಕ ಇಟ್ಟು ಕರಗಿಸಿಕೊಳ್ಳುತ್ತಿದ್ದೆವು. ನಾನೂ ಇಡುತ್ತಿದ್ದೆ. ಆದರೆ ಗರ್ಭಗುಡಿಯ ಕಲ್ಲಿನ ತಂಪು ನನಗೆ ಹೊಳೆಯಲಿಲ್ಲ. ಗಾಣದ ಎಣ್ಣೆ ಅಲ್ಲಿ ಎಂದೂ ಹೆಪ್ಪಾದದ್ದೇ ಇಲ್ಲವಲ್ಲ.

ಅವತ್ತು ಸೋಮವಾರ. ಮುಂಜಾನೆಯೇ ಗುಡಿ ತುಂಬಿತ್ತು. ಅಯ್ಯನವರು ಬಾಗಿಲು ತೆರೆದವರು ಹಾಗೇ ನಿಂತರು. ದೀಪ ಆರಿತ್ತು. ಹಿತ್ತಾಳೆಯ ದೊಡ್ಡ ಹಣತೆಯಲ್ಲಿ ಎಣ್ಣೆ ಮೇಣದ ಹಾಗೆ ಬೆಳ್ಳಗೆ ಕೂತಿತ್ತು, ನಡುವೆ ಕರಿ ಬತ್ತಿ. ಗುಡಿಯ ಪಂಚರಲ್ಲಿ ಹಿರಿಯರೊಬ್ಬರು — ಈಗಿಲ್ಲ — ಬೆರಳಿನಿಂದ ಮುಟ್ಟಿ ನೋಡಿ ತಿರುಗಿದರು.

"ಪಾಳಿ ಯಾರದು?"

"ನಂದರೀ."

"ಎಣ್ಣಿ ಯಾರದು?"

ನಾನು ಬಾಯಿ ತೆರೆದೆ. ನನ್ನದು ಎನ್ನಬೇಕಿತ್ತು. ಬೀಗರಾಗುವವರ ಮುಖ ಕಣ್ಣ ಮುಂದೆ ಬಂತು, ಸವಿತಾಳ ಮುಖ ಬಂತು. ನಾಲಿಗೆಯ ಮೇಲೆ ಎರಡು ದಿನದ ಹಿಂದಿನ ಮಾತು ಹಾಗೇ ಇತ್ತು.

"ಖೈರೂಬಿ ಗಾಣದ್ದರೀ."

ಆಮೇಲೆ ಹಿಂದಿನಿಂದ ಯಾರೋ ಗಂಡಸು, "ಚರಬಿ ಇರಬೇಕ ಅದು" ಎಂದ. ದನಿ ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವುದು ಬೇಕಾಗಿಯೂ ಇಲ್ಲ. ಅವನಿಗೆ ಆ ಮಾತು ಆಡಲು ಜಾಗ ಮಾಡಿಕೊಟ್ಟವಳು ನಾನು. ಪ್ರಾಣಿಯ ಕೊಬ್ಬು, ದೇವರ ದೀಪಕ್ಕೆ, ಆ ಮನೆಯವರಿಂದ — ಎಲ್ಲ ಮಾತೂ ಒಂದರ ಹಿಂದೆ ಒಂದು ತಾವೇ ಬಂದವು, ಕರೆದು ಕೂರಿಸಿದಂತೆ.

ಅಲ್ಲಿ ಮೂವತ್ತು ಹೆಂಗಸರಾದರೂ ಇದ್ದರು. ಪ್ರತಿಯೊಬ್ಬರ ಅಡುಗೆಮನೆಯಲ್ಲೂ ಅದೇ ಬಿಳಿ ಎಣ್ಣೆ ಆ ಹೊತ್ತಿಗೆ ಹೆಪ್ಪಾಗಿ ಕೂತಿತ್ತು. ಒಬ್ಬರನ್ನೊಬ್ಬರು ನೋಡಿದೆವು. ಸೆರಗು ಸರಿಮಾಡಿಕೊಂಡೆವು. ಒಬ್ಬಳೂ ಬಾಯಿ ಬಿಡಲಿಲ್ಲ.

ಹಿರಿಯರು ಮತ್ತೇನೂ ಕೇಳಲಿಲ್ಲ. ಗಾಣದಿಂದ ತಂದದ್ದೇ ಕ್ಯಾನಿನಲ್ಲಿತ್ತೋ, ಮನೆಯಲ್ಲಿ ಬೇರೆ ಏನಾದರೂ ಸುರಿದೆಯೋ ಎಂದು ಕೇಳಿದ್ದರೆ ಸಾಕಿತ್ತು, ಎಲ್ಲ ಹೊರಬೀಳುತ್ತಿತ್ತು. ಕೇಳಲಿಲ್ಲ. ಆ ಸಂಜೆ ದೇವರ ಮುಂದೆ ಕೂತು ಎಣಿಸಿದೆ: ಮುಂದಿನ ಪ್ರಶ್ನೆ ಯಾರೂ ಕೇಳಲಿಲ್ಲ, ಒಂದು. ಹೌದು, ಅದನ್ನೂ ಶಿವನ ಉಪಕಾರದಲ್ಲಿ ಹಿಡಿದೆ. ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಹೇಸಿಗೆಯಾಗುವುದು ಇದನ್ನು ಬರೆಯಲು.

ಗೋಡೆಯ ಆ ಸಾಲಿಗೆ ಸುಣ್ಣ ಹಚ್ಚಿದರು. ಕ್ಯಾನನ್ನು ಯಾರದೋ ಕೈಯಲ್ಲಿ ಗಾಣಕ್ಕೆ ವಾಪಸು ಕಳಿಸಿದರು. ಮಾತು ಖಾಸಬಾಗದಿಂದ ಶಹಾಪುರಕ್ಕೆ ಹೋಯಿತು, ಅಲ್ಲಿಂದ ಎಲ್ಲೆಲ್ಲಿಗೋ. ಹಬ್ಬಕ್ಕಾದರೂ ಬರುತ್ತಿದ್ದವರು ಬರುವುದನ್ನು ಬಿಟ್ಟರು. ನಮ್ಮ ಸುಳ್ಳು ನಿಜವೆಂದುಕೊಂಡು ಬಿಟ್ಟವರು ಎಷ್ಟೋ. ಸುಳ್ಳೆಂದು ಗೊತ್ತಿದ್ದೂ, ಅಗ್ಗದ ಎಣ್ಣೆಗೆ ಒಂದು ನೆಪ ಸಿಕ್ಕಿತೆಂದು ಬಿಟ್ಟವರು ಎಷ್ಟೋ.

ಖೈರೂಬಿ ಒಂದೇ ಸಲ ನಮ್ಮ ಮನೆಗೆ ಬಂದರು. ಹೊಸ್ತಿಲ ಹೊರಗೇ ನಿಂತಿದ್ದರು. "ಮಾದೇವಿ, ನಿನ್ನ ಕಣ್ಣ ಮುಂದ ಎಣ್ಣಿ ಹಿಂಡಿ ಕೊಟ್ಟೇನಲ್ಲ. ಒಂದ ಮಾತ ಹೇಳು ಅವರಿಗೆ. ಬ್ಯಾರೇನೂ ಬ್ಯಾಡ."

"ನನಗೇನ ಗೊತ್ತರೀ ಒಳಗಿಂದು" ಎಂದೆ.

ಅವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. "ಆತು ಬೇಟಿ" ಎಂದು ಹೊರಟುಹೋದರು. ಒಳಗೆ ಬನ್ನಿ ಎನ್ನಲಿಲ್ಲ ನಾನು. ಒಂದು ಕಪ್ಪು ಚಹಾ ಕುಡಿಯಿರಿ ಎನ್ನಲಿಲ್ಲ.

ಮುಂದಿನ ಮಳೆಗಾಲದೊಳಗೆ ಗಾಣ ನಿಂತಿತು. ಮೋಟಾರು ಗುಜರಿಗೆ ಹೋಯಿತು. ಮಾವನ ಕಾಲದ ಗಾಣದ ಮರ ಎಷ್ಟೋ ದಿನ ಸಂದಿಯ ಬಾಯಲ್ಲಿ ಬಿದ್ದಿತ್ತು. ಹುಡುಗರು ಅದರ ಮೇಲೆ ಕೂತು ಹರಟೆ ಹೊಡೆಯುತ್ತಿದ್ದರು. ರಫೀಕ ಎಲ್ಲೋ ಹೊರದೇಶಕ್ಕೆ ಕೂಲಿಗೆ ಹೋದನಂತೆ, ಖೈರೂಬಿ ಖಾನಾಪುರದಲ್ಲಿ ಮಗಳ ಮನೆಯಲ್ಲಿದ್ದಾರಂತೆ ಎಂದು ಕೇಳಿದೆ. ತವರಿಗೆ ಹೋಗುವಾಗ ಬಸ್ಸು ಖಾನಾಪುರ ಸ್ಟ್ಯಾಂಡಿನಲ್ಲಿ ನಿಂತರೆ ನಾನು ಕಿಟಕಿಯ ಕಡೆ ಮುಖ ಮಾಡುತ್ತಿರಲಿಲ್ಲ. ಹದಿನಾಲ್ಕು ವರ್ಷ ಹೀಗೇ ಹೋದೆ, ಹೀಗೇ ಬಂದೆ.

ಈ ಸಲ ತವರಿಗೆ ಹೋದಾಗ ತಮ್ಮ ಬಸು ಒಂದು ಬಣ್ಣದ ಹಾಳೆ ತಂದು ತೋರಿಸಿದ. ದಪ್ಪ ಕಾಂಡದ ಗಿಡ, ಅದರ ಕಂಕುಳಲ್ಲಿ ಕೆಂಪು ಕಾಯಿಗಳ ದೊಡ್ಡ ಗೊನೆ.

"ಏನೋ ಇದು, ಈಚಲ ಇದ್ದಂಗ ಐತಿ?"

"ಪಾಮ್ ಅಕ್ಕಾ. ಕಬ್ಬ ಸಾಕು, ಇದನ್ನ ಹಾಕ್ರಿ ಅಂತ ಬಂದಿದ್ರು. ಸಸಿ ಅವರs ಕೊಡತಾರಂತ, ಕಾಯಿನೂ ಅವರs ಒಯ್ತಾರಂತ."

"ಇದರದೇನ ಮಾಡತಾರ?"

ಅವನು ನಕ್ಕ. "ದಿನಾ ಒಗ್ಗರಣಿಗೆ ಹಾಕತಿ, ಗಿಡದ ಗುರತs ಇಲ್ಲೇನ ನಿನಗ?"

ಇಷ್ಟು ವರ್ಷದಲ್ಲಿ ಅದರ ಗಿಡ ಹೇಗಿರುತ್ತದೆಂದು ನಾನು ನೋಡಿರಲಿಲ್ಲ. ನಮ್ಮಪ್ಪನ ಹೊಲದಲ್ಲಿ ನಿಂತು, ಆ ಚಿತ್ರ ಹಿಡಿದುಕೊಂಡು ನೋಡಿದೆ. ಶೇಂಗಾ ಇದ್ದ ಜಾಗದಲ್ಲಿ ಕಬ್ಬು. ಕಬ್ಬು ಇದ್ದ ಜಾಗಕ್ಕೆ ನಾಳೆ ಇದು. ಅದೇ ಮಧ್ಯಾಹ್ನ ಬಸ್ಸು ಹತ್ತಿ ಖಾನಾಪುರದಲ್ಲಿ ಇಳಿದೆ. ಧೈರ್ಯ ಬಂದಿತ್ತು ಎಂದಲ್ಲ. ಆ ಹೊಲದಲ್ಲಿ ನಿಲ್ಲಲಾಗಲಿಲ್ಲ.

ಖೈರೂಬಿ ಮಗಳ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಬೆನ್ನು ಬಾಗಿದೆ, ಕಣ್ಣು ಇನ್ನೂ ಚುರುಕು. "ಬಾ, ಕುಂದರು" ಎಂದರು, ನಿನ್ನೆ ತಾನೇ ಬಂದುಹೋದವಳಿಗೆ ಅಂದಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ರಫೀಕ. ಪರದೆಯಲ್ಲಿ ಅವನ ಮುಖ, ಹಿಂದೆ ಅದೇ ಗಿಡ — ಬಸು ತೋರಿಸಿದ ಚಿತ್ರದ ಗಿಡ — ಸಾಲು ಸಾಲಾಗಿ, ಕೊನೆಯಿಲ್ಲದಂತೆ.

"ಮಾದೇವಿ ಕಾಕು! ಸವಿತಾ ಅಕ್ಕ ಆರಾಮ ಅದಾಳ?" ಎಂದ. ಮಲೇಶಿಯಾದಲ್ಲಿದ್ದಾನೆ. ಉದ್ದ ಕೋಲಿಗೆ ಕಟ್ಟಿದ ಕುಡಗೋಲಿನಿಂದ ಗೊನೆ ಕೆಡವುವುದು ಅವನ ಕೆಲಸ. "ಮುಂಜಾನಿಂದ ಗಾಡಿ ಹೊಡದ್ರೂ ಇದs ಗಿಡ ಕಾಕು. ಬ್ಯಾರೆ ಗಿಡ ಕಣ್ಣಿಗೆ ಬೀಳಂಗಿಲ್ಲ. ಮೊದಲ ಎಲ್ಲಾ ಅಡವಿ ಇತ್ತಂತ. ನಮ್ಮದು ಏನ ಗಾಣ? ಇಲ್ಲಿ ಗಾಣದಾಗ ಲಾರಿನs ಹೊಕ್ಕು ಹೊರಗ ಬರತಾವ!" ನಗಲು ಹೋಗಿ ಕೆಮ್ಮಿದ. ಕಡಲಾಚೆ ಎಲ್ಲೋ ಇನ್ನೂ ಕಾಡು ಸುಡುತ್ತಾರಂತೆ, ಆ ಹೊಗೆ ಇವರ ತನಕ ಬರುತ್ತದಂತೆ. "ನೇಪಾಳದವರು, ಬಾಂಗ್ಲಾದವರು, ಎಲ್ಲಾರೂ ಕೆಮ್ಮತೀವಿ" ಎಂದ.

ಫೋನು ಇಟ್ಟ ಮೇಲೆ ಹೇಳಿದೆ. ಕ್ಯಾನು, ಬಾಣಲೆ, ಪಾಕೀಟು, ಎಲ್ಲ. ಅಳು ಬಂತು. ಅವರು ಅಳಲಿಲ್ಲ.

"ಗೊತ್ತೈತಿ" ಎಂದರು.

ಗುಡಿಯಿಂದ ಕ್ಯಾನು ವಾಪಸು ಬಂದಾಗ ತಳದಲ್ಲಿ ಉಳಿದದ್ದನ್ನು ಬೆರಳಿಗೆ ಹಚ್ಚಿ ಮೂಸಿದ್ದರಂತೆ. "ನಾ ಹಿಂಡಿದ್ದ ಎಣ್ಣಿ ನನಗ ಗುರತ ಸಿಗಂಗಿಲ್ಲೇನ? ಕ್ಯಾನ ಯಾರ ಮನ್ಯಾಗ ಇತ್ತು ಅನ್ನೂದೂ ಗೊತ್ತಿತ್ತು. ಅದಕ್ಕs ನಿನ್ನ ಮನಿಗೆ ಬಂದಿದ್ದೆ. ನೀನs ಹೇಳಲಿ ಅಂತ."

"ನೀವs ಯಾಕ ಹೇಳಲಿಲ್ಲರೀ?"

"ನಾ ಹೇಳಿದ್ರ ಯಾರ ನಂಬತಿದ್ರು? ನಂಬಿದ್ರ ಮತ್ತ ನಿನ್ನ ಮಗಳ ಮದಿವಿ ಮುರೀತಿತ್ತು. ಅಕಿದೇನ ತಪ್ಪು?" ಆಮೇಲೆ ಅಂದರು: "ನನಗ ಹೇಳಿ ಏನ ಮಾಡತಿ ಈಗ. ಎಲ್ಲಿ ಅಂದಿದ್ದೀಯೋ ಅಲ್ಲೇ ಹೋಗಿ ಅನ್ನು."

ಮುಂದಿನ ಸೋಮವಾರ ಗುಡಿಯಲ್ಲಿ ಮಂಗಳಾರತಿ ಮುಗಿದ ಮೇಲೆ ಎದ್ದು ನಿಂತು ಹೇಳಿದೆ. ಎಲ್ಲ ಹೇಳಿದೆ. ಈಗಿನ ಕಮಿಟಿಯ ಹುಡುಗ ಕೈಮುಗಿದ. "ಅಕ್ಕಾರ, ಹಳೇ ಮಾತ ಬಿಡ್ರಿ. ಪ್ರಸಾದ ಆರಾಕತ್ತೈತಿ." ಜನ ದೊನ್ನೆ ಹಿಡಿದು ಸಾಲಿಗೆ ನಿಂತರು. ನನ್ನ ವಾರಿಗೆಯ ಒಬ್ಬಾಕೆ ಹತ್ತಿರ ಬಂದು ಕಿವಿಯಲ್ಲಿ, "ನಮಗೂ ಅವತ್ತs ಗೊತ್ತಾಗಿತ್ತ ತಗೋ. ಇಷ್ಟ ದಿನ ಆದಮ್ಯಾಲೆ ಯಾಕ ಬೇಕಿತ್ತು ನಿನಗ?" ಎಂದು ಮುಂದೆ ಹೋದಳು. ದೀಪದ ಬಾಜೂಕ ಅಂಗಡಿಯ 'ದೀಪದ ಎಣ್ಣೆ'ಯ ಬಾಟಲಿ ಇತ್ತು. ಎತ್ತಿ ಹಿಂದೆ ತಿರುಗಿಸಿದೆ. ಸಣ್ಣ ಅಕ್ಷರದಲ್ಲಿ ಅದೇ ಪಾಮ್ ಎಣ್ಣೆಯ ಹೆಸರು. ಥಂಡಿಗೆ ಗಟ್ಟಿಯಾಗಬಾರದೆಂದು ಪಕ್ಕದಲ್ಲೊಂದು ಬಲ್ಬು ಹಚ್ಚಿಟ್ಟಿದ್ದಾರೆ.

ಈಗ ಅದು ಯಾರಿಗೂ ಚರಬಿ ಅನ್ನಿಸುವುದಿಲ್ಲ.

ಖಾನಾಪುರಕ್ಕೆ ಹೋಗಿ ಖೈರೂಬಿಗೆ ಹೇಳಿದೆ. "ಎಷ್ಟ ಮಂದಿ ಇದ್ರು?" ಎಂದು ಕೇಳಿದರು.

"ಇಪ್ಪತ್ತ ಮಂದಿ ಇದ್ದಿರಬೇಕ್ರಿ."

"ಅವತ್ತ?"

ಅವತ್ತು ಗುಡಿ ತುಂಬಿತ್ತು. ಆಮೇಲೆ ಊರು ತುಂಬಿತ್ತು.

ಕಾಡು ಕಡಿದವರು ಯಾರೋ, ಹಡಗಿನಲ್ಲಿ ತಂದವರು ಯಾರೋ, ಅಗ್ಗದಲ್ಲಿ ಹಂಚಿದವರು ಯಾರೋ. ಗಾಣ ಹೇಗಿದ್ದರೂ ನಿಲ್ಲುತ್ತಿತ್ತು ಎಂದು ನನ್ನವರು ಸಮಾಧಾನ ಹೇಳುತ್ತಾರೆ. ಇದ್ದೀತು. ಎಷ್ಟೋ ಗಾಣಗಳು ನಿಂತಿವೆ. ಆದರೆ ಅವೆಲ್ಲ ಮರ್ಯಾದೆಯಿಂದ ನಿಂತವು. ಇದೊಂದನ್ನು ಮಾತ್ರ ನಾನು ಹೆಸರು ಕೆಡಿಸಿ ನಿಲ್ಲಿಸಿದೆ. ಸವಿತಾಳಿಗೂ ಹೇಳಿದ್ದೇನೆ; ಎರಡು ವಾರವಾಯಿತು, ಅವಳು ಫೋನು ಮಾಡಿಲ್ಲ. ಸಂಜೆ ದೀಪ ಹಚ್ಚುತ್ತೇನೆ. ಬೆರಳು ಎಣಿಸುವುದನ್ನು ಬಿಟ್ಟಿದ್ದೇನೆ. ಗೋಡೆಯ ಮೇಲಿನ ಆ ಸಾಲನ್ನು ಮತ್ತೆ ಬರೆಯಿಸಿ ಎಂದು ಪ್ರತಿ ಸೋಮವಾರ ಹೋಗಿ ಕೇಳುತ್ತೇನೆ. ನೋಡೋಣ ಎನ್ನುತ್ತಾರೆ. ಮತ್ತೆ ಹೋಗುತ್ತೇನೆ.

ಗುಡಿಯ ಇಪ್ಪತ್ತು ಜನ ಸಾಲಲಿಲ್ಲವೆಂದು ಇಲ್ಲಿ ಬರೆದೆ. ಓದಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಲಿ. ಅವತ್ತಿನ ಸುಳ್ಳೂ ಹಾಗೆಯೇ ಬಾಯಿಂದ ಬಾಯಿಗೆ ಹೋಗಿತ್ತು. ಹಿರಿಯರು ಕೇಳಿದ ಪ್ರಶ್ನೆಗೆ ನಾನು ಅವತ್ತು ಕೊಡಬೇಕಿದ್ದ ಉತ್ತರ ಇದು:

ಎಣ್ಣಿ ಖೈರೂಬಿ ಗಾಣದ್ದಲ್ಲರೀ. ನಾ ಹಾಕಿದ್ದು.